ಹದಿನಾಲ್ಕನೇ ರಸ್ತೆಯ ಮೂಲೆಯ ಹೋಟೆಲ್

ಮೊದಲ ದಿನ, ಶನಿವಾರ: ಬರ್ಬ್ಯಾಂಕ್

ತಂಗಿ ಮನೆ ಇರುವುದು ಲಾಸ್ ಏಂಜಲಿಸ್‌ನಿಂದ ದಕ್ಷಿಣಕ್ಕೆ, ಅರ್ವೈನ್‌ನಲ್ಲಿ. ನಾನು ಬಂದು ವಾರವಾಗಿತ್ತು. ಸಮುದ್ರ, ಡಿಸ್ನಿಲ್ಯಾಂಡ್, ದೇವಸ್ಥಾನ ಎಲ್ಲ ತೋರಿಸಿ ಆಗಿತ್ತು. "ಅಣ್ಣ, ನೀನೇ ನೋಡ್ಬೇಕು ಅಂದ್ಕೊಂಡಿರೋ ಜಾಗ ಯಾವ್ದಾದ್ರೂ ಇದ್ಯಾ?" ಅಂತ ಕೇಳಿದಳು. ಇದೆ ಅಂದೆ. ಸ್ಯಾನ್ ಬರ್ನಾರ್ಡಿನೋ ಅನ್ನುವ ಊರು. ಅಲ್ಲಿ ಹದಿನಾಲ್ಕನೇ ರಸ್ತೆ ಮತ್ತು 'ಇ' ರಸ್ತೆ ಸೇರುವ ಮೂಲೆ. 1940ರಲ್ಲಿ ಇಬ್ಬರು ಅಣ್ಣತಮ್ಮಂದಿರು ಅಲ್ಲಿ ಒಂದು ಹೋಟೆಲ್ ಇಟ್ಟಿದ್ದರು. ಅವರ ಮನೆತನದ ಹೆಸರು ಮೆಕ್‌ಡೊನಾಲ್ಡ್.

ನಾನು ಯಾಕೆ ಇದನ್ನು ಕೇಳಿದೆ ಅಂತ ತಂಗಿಗೆ ಹೇಳಬೇಕಾಗಿರಲಿಲ್ಲ. ನಮ್ಮಪ್ಪ ಹಿರಿಯೂರಿನ ಹತ್ತಿರ ಹೆದ್ದಾರಿ ಬದಿಯಲ್ಲಿ ಇಪ್ಪತ್ತೆರಡು ವರ್ಷ ಹೋಟೆಲ್ ನಡೆಸಿದರು. ನಾವಿಬ್ಬರೂ ಬೆಳೆದದ್ದೇ ಅಲ್ಲಿ. ನಾನು ರಜೆಯಲ್ಲಿ ಸಪ್ಲೈಯರ್. ದೋಸೆ ಕಲ್ಲಿನಿಂದ ಗಲ್ಲಾದವರೆಗೆ ಹನ್ನೊಂದು ಹೆಜ್ಜೆ. ಈಗಲೂ ನೆನಪಿದೆ, ಯಾಕೆಂದರೆ ಬಸ್ಸು ನಿಂತಾಗ ಆ ಹನ್ನೊಂದು ಹೆಜ್ಜೆಯನ್ನು ನೂರು ಸಲ ಹಾಕಬೇಕಿತ್ತು. ಹಾಗಾಗಿ ಅಡುಗೆಮನೆಯಲ್ಲಿ ಹೆಜ್ಜೆ ಕಡಿಮೆ ಮಾಡುವುದಕ್ಕೇ ತಲೆ ಕೆಡಿಸಿಕೊಂಡ ಇಬ್ಬರು ಇದ್ದರು ಅಂತ ಓದಿದಾಗಿನಿಂದ ಅವರ ಜಾಗ ನೋಡುವ ಆಸೆ ನನಗೆ.

ತಂಗಿ ಮಗ ನಾಲ್ಕು ದಿನ ರಜೆ ಹಾಕಿದ. ಹುಟ್ಟಿದ್ದು ಇಲ್ಲೇ. "ಮಾಮ, ನೇರ ಅಲ್ಲಿಗೇ ಹೋಗೋದು ಬೇಡ. ಅವರು ಏನನ್ನ ಬಿಟ್ಟುಬಿಟ್ರು ಅಂತ ಮೊದಲು ನೋಡೋಣ" ಅಂದ. ಅದು ಸರಿಯಾದ ಮಾತು.

ಸಂಜೆ ಬರ್ಬ್ಯಾಂಕ್‌ನ ಬಾಬ್ಸ್ ಬಿಗ್ ಬಾಯ್‌ಗೆ ಹೋದೆವು. 1949ರ ಕಟ್ಟಡ, ವೇಯ್ನ್ ಮೆಕ್‌ಅಲಿಸ್ಟರ್ ಅನ್ನುವ ವಾಸ್ತುಶಿಲ್ಪಿ ಮಾಡಿದ್ದು. ಬಾಬ್ಸ್ ಹೆಸರಿನ ಹೋಟೆಲ್‌ಗಳಲ್ಲಿ ಈಗ ಉಳಿದಿರುವುದರಲ್ಲಿ ಇದೇ ಹಳೆಯದು. ಓಡುವ ಕಾರಿನಿಂದಲೇ ದೂರದಲ್ಲಿ ಕಾಣಲಿ ಅಂತ ಬೋರ್ಡನ್ನು ಗೋಪುರದ ಹಾಗೆ ಎತ್ತಿ ನಿಲ್ಲಿಸಿದ್ದಾರೆ. ಬಾಬ್ ವಿಯಾನ್ 1936ರಲ್ಲಿ ತನ್ನ ಕಾರು ಮಾರಿ, ಪಕ್ಕದ ಗ್ಲೆಂಡೇಲ್‌ನಲ್ಲಿ ಹತ್ತು ಸ್ಟೂಲಿನ ಪುಟ್ಟ ಹೋಟೆಲ್ ಕೊಂಡವನು. ಮರುವರ್ಷ ಒಂದು ರಾತ್ರಿ, ವಾದ್ಯಗೋಷ್ಠಿಯ ಗಿರಾಕಿಗಳು ಏನಾದರೂ ಬೇರೆ ಥರ ಕೊಡು ಅಂದರಂತೆ. ಅವನು ಬನ್ನನ್ನು ಮೂರು ಪದರ ಕೊಯ್ದು, ನಡುವೆ ಎರಡು ಮಾಂಸದ ಬಿಲ್ಲೆ ಇಟ್ಟುಕೊಟ್ಟ. ಎರಡಂತಸ್ತಿನ ಬರ್ಗರ್ ಹಾಗೆ ಬಂತು.

ವಾರಾಂತ್ಯದ ಸಂಜೆ ಇಲ್ಲಿ ಈಗಲೂ ಕಾರಿನ ಹತ್ತಿರಕ್ಕೇ ಬಂದು ಬಡಿಸುತ್ತಾರೆ. ಆ ಕೆಲಸದವರಿಗೆ ಕಾರ್‌ಹಾಪ್ ಅಂತ ಹೆಸರು. ನಾವು ಕಾರು ನಿಲ್ಲಿಸಿ ಕೂತೆವು. ಹುಡುಗಿ ಬಂದು ಕೇಳಿಕೊಂಡು ಹೋದಳು. ಆಮೇಲೆ ಟ್ರೇ ತಂದು ಕಿಟಕಿಗೆ ಸಿಕ್ಕಿಸಿದಳು. ಬೆಂಗಳೂರಿನ ಲ್ಯಾವೆಲ್ಲೆ ರಸ್ತೆಯ ಏರ್‌ಲೈನ್ಸ್ ಹೋಟೆಲ್‌ನಲ್ಲಿ ಮರದ ಕೆಳಗೆ ಕಾರಿನಲ್ಲೇ ಕೂತು ತಿಂಡಿ ತಿಂದವರಿಗೆ ಈ ಸುಖ ಗೊತ್ತು. ನಾನು ಮಾಂಸ ತಿನ್ನುವುದಿಲ್ಲ. ಅವನು ಕೋಳಿ ತಿನ್ನುತ್ತಾನೆ, ದನದ ಮಾಂಸ ಮುಟ್ಟುವುದಿಲ್ಲ. ನಾಲ್ಕೂ ದಿನ ನಾವಿಬ್ಬರೂ ಒಂದೂ ಹ್ಯಾಂಬರ್ಗರ್ ತಿನ್ನಲಿಲ್ಲ. ಬರ್ಬ್ಯಾಂಕ್‌ನಲ್ಲಿ ಗಟ್ಟಿ ಮಿಲ್ಕ್‌ಶೇಕ್ ಕುಡಿದೆವು.

ನಾನು ಮಾತ್ರ ಆ ಹುಡುಗಿಯ ಕಾಲನ್ನೇ ನೋಡುತ್ತಿದ್ದೆ. ಅಡುಗೆಮನೆಯಿಂದ ನಮ್ಮ ಕಾರಿಗೆ ನಲವತ್ತೆರಡು ಹೆಜ್ಜೆ. ಮತ್ತೆ ವಾಪಸ್ ಅಷ್ಟೇ.

ಎರಡನೇ ದಿನ, ಭಾನುವಾರ: ಬಾಲ್ಡ್‌ವಿನ್ ಪಾರ್ಕ್

ಇವತ್ತು ನೋಡಿದ್ದು ಒಂದು ಗೂಡಂಗಡಿ. ನಿಜವಾಗಿ ಗೂಡೇ. ಹತ್ತು ಅಡಿ ಉದ್ದ, ಹತ್ತು ಅಡಿ ಅಗಲ.

1948ರ ಅಕ್ಟೋಬರ್ 22ರಂದು ಹ್ಯಾರಿ ಸ್ನೈಡರ್ ಮತ್ತು ಅವನ ಹೆಂಡತಿ ಎಸ್ತರ್ ಇಲ್ಲಿ ಇನ್-ಎನ್-ಔಟ್ ಅನ್ನುವ ಬರ್ಗರ್ ಅಂಗಡಿ ಶುರು ಮಾಡಿದರು. ಮೊದಲಿನ ಅಂಗಡಿ ದೊಡ್ಡ ಹೆದ್ದಾರಿಯ ಪಾಲಾಯಿತು. ಅದೇ ಅಳತೆಯಲ್ಲಿ, ಹಳೆಯ ಜಾಗಕ್ಕೆ ಹತ್ತಿರದಲ್ಲೇ, 2014ರಲ್ಲಿ ಇನ್ನೊಂದನ್ನು ಕಟ್ಟಿ ನಿಲ್ಲಿಸಿದ್ದಾರೆ. ಇಲ್ಲಿ ಏನೂ ಮಾರುವುದಿಲ್ಲ. ಸುಮ್ನೆ ನೋಡಿಕೊಂಡು ಬರಬಹುದು. ನಾನು ಒಳಗೆ ಇಣುಕಿ ಬಹಳ ಹೊತ್ತು ನಿಂತೆ. ಒಬ್ಬ ನಿಂತಲ್ಲೇ ತಿರುಗಿದರೆ ಕಾವಲಿ, ಬನ್ನು, ಹಣದ ಡ್ರಾಯರ್ ಎಲ್ಲ ಕೈಗೆ ಎಟುಕುತ್ತದೆ. ಗಿರಾಕಿ ಒಳಗೆ ಬರುವ ಹಾಗೇ ಇಲ್ಲ. ಕಾರಿನಲ್ಲೇ ಬರಬೇಕು, ಕಾರಿನಲ್ಲೇ ಹೋಗಬೇಕು.

ಹ್ಯಾರಿಗೆ ರೇಡಿಯೋ, ತಂತಿ, ಸ್ಪೀಕರ್ ಬಿಚ್ಚಿ ಜೋಡಿಸುವ ಹುಚ್ಚು. ಎರಡೂ ಕಡೆಯಿಂದ ಮಾತಾಡಬಹುದಾದ ಒಂದು ಸ್ಪೀಕರ್ ಪೆಟ್ಟಿಗೆಯನ್ನು ಮನೆಯ ಗ್ಯಾರೇಜಿನಲ್ಲಿ ತಯಾರು ಮಾಡಿದ. ಗಿರಾಕಿ ಅದರೊಳಗೆ ಆರ್ಡರ್ ಹೇಳುತ್ತಾನೆ, ಕಿಟಕಿಯ ಹತ್ತಿರ ಬರುವಷ್ಟರಲ್ಲಿ ಪೊಟ್ಟಣ ಸಿದ್ಧ. ಅಲ್ಲಿಗೆ ಕಾರ್‌ಹಾಪ್ ಕೆಲಸವೇ ಇಲ್ಲ. ಬೆಳಗಿನ ಜಾವ ಮಾರುಕಟ್ಟೆಗೆ ಹೋಗಿ ಮಾಂಸ, ತರಕಾರಿ ಆರಿಸಿ ತರುತ್ತಿದ್ದವನು ಹ್ಯಾರಿ. ಲೆಕ್ಕ ಎಸ್ತರ್‌ದು. ನಮ್ಮಲ್ಲೂ ಲೆಕ್ಕ ಅಮ್ಮನದೇ ಇತ್ತು. ರಾತ್ರಿ ಹನ್ನೊಂದಕ್ಕೆ ಚಿಲ್ಲರೆ ಎಣಿಸಿ, ಸಾಲದವರ ಹೆಸರನ್ನು ಬೇರೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಿದ್ದಳು.

ಒಂದು ವಿಷಯ ನನ್ನ ತಲೆಯಲ್ಲೇ ಸುತ್ತುತ್ತಿತ್ತು. ಅದೇ 1948ರಲ್ಲಿ, ಇಲ್ಲಿಂದ ಸುಮಾರು ಒಂದು ಗಂಟೆ ದೂರದ ಸ್ಯಾನ್ ಬರ್ನಾರ್ಡಿನೋದಲ್ಲಿ, ಮೆಕ್‌ಡೊನಾಲ್ಡ್ ಸಹೋದರರೂ ಇದೇ ಕಾರ್‌ಹಾಪ್ ತಲೆನೋವಿಗೆ ಮದ್ದು ಹುಡುಕುತ್ತಿದ್ದರು. ಅವರು ಕಂಡುಕೊಂಡ ದಾರಿ ಪೂರ್ತಿ ಬೇರೆ.

ಹತ್ತಿರದ ಶಾಖೆಯಲ್ಲಿ ಊಟ. ಗ್ರಿಲ್ಡ್ ಚೀಸ್ ಅಂತ ಕೇಳಿದರೆ ಮಾಂಸವಿಲ್ಲದೆ ಬನ್ನು, ಚೀಸ್, ಟೊಮೆಟೊ, ಈರುಳ್ಳಿ, ಲೆಟ್ಯೂಸ್ ಇಟ್ಟು ಕೊಡುತ್ತಾರೆ. ಆಲೂಗಡ್ಡೆಯನ್ನು ಕಣ್ಣೆದುರೇ ಒತ್ತಿ ಉದ್ದುದ್ದ ಹೋಳು ಮಾಡಿ, ಸೂರ್ಯಕಾಂತಿ ಎಣ್ಣೆಯಲ್ಲಿ ಕರಿಯುತ್ತಾರೆ. ತಟ್ಟೆಗೆ ಬಿದ್ದ ಐದು ನಿಮಿಷ ಬಹಳ ರುಚಿ. ಆರಿದ ಮೇಲೆ ಅಷ್ಟಿಲ್ಲ.

ಮೂರನೇ ದಿನ, ಸೋಮವಾರ: ಡೌನಿ

ಲೇಕ್‌ವುಡ್ ಬುಲೆವಾರ್ಡ್ ಮತ್ತು ಫ್ಲಾರೆನ್ಸ್ ಅವೆನ್ಯೂ ಸೇರುವ ಮೂಲೆಯಲ್ಲಿ ಜಗತ್ತಿನಲ್ಲೇ ಅತಿ ಹಳೆಯ, ಇನ್ನೂ ನಡೆಯುತ್ತಿರುವ ಮೆಕ್‌ಡೊನಾಲ್ಡ್ಸ್ ಇದೆ. 1953ರ ಆಗಸ್ಟ್ 18ರಂದು ತೆರೆದದ್ದು. ದೂರದಿಂದ ಮೊದಲು ಕಾಣುವುದು ಕಂಬದ ಮೇಲಿನ ಸ್ಪೀಡೀ. ಬರ್ಗರ್ ತಲೆಯ ಪುಟ್ಟ ಅಡುಗೆಯವನು. ಓಡುವ ಕಾಲು, ತಲೆಗೆ ಟೋಪಿ. ಜೋಕರ್ ವೇಷದ ರೊನಾಲ್ಡ್ ಬರುವ ಮೊದಲು ಇವನೇ ಆ ಹೋಟೆಲ್‌ನ ಗುರುತು.

ಕಟ್ಟಡ ಚಿಕ್ಕದು. ಕೆಂಪು ಬಿಳಿ ಟೈಲ್ಸ್, ಮುಂದಕ್ಕೆ ಓರೆಯಾಗಿ ಎದ್ದ ಚಾವಣಿ. ಎರಡೂ ಬದಿಯಲ್ಲಿ ನೆಲದಿಂದ ಎದ್ದು, ಚಾವಣಿ ಸೀಳಿಕೊಂಡು ಹೋಗಿ, ಮತ್ತೆ ನೆಲಕ್ಕಿಳಿಯುವ ಹಳದಿ ಕಮಾನು. ನಾವು ಇವತ್ತು ನೋಡುವ 'ಎಂ' ಅಕ್ಷರ ಬರೀ ಗುರುತು. ಇಲ್ಲಿರುವುದು ನಿಜವಾದ ಕಮಾನು, ಅದರ ಕೆಳಗೆ ನಿಂತು ಕೈಯಿಂದ ಮುಟ್ಟಬಹುದು. ಮೆಕ್‌ಡೊನಾಲ್ಡ್ ಸಹೋದರರಲ್ಲಿ ಕಿರಿಯವನಾದ ಡಿಕ್ ಕಾಗದದ ಮೇಲೆ ಗೀಚಿದ್ದನ್ನು ಸ್ಟ್ಯಾನ್ಲಿ ಮೆಸ್ಟನ್ ಅನ್ನುವ ವಾಸ್ತುಶಿಲ್ಪಿ ಕಟ್ಟಡದ ನಕ್ಷೆಯೊಳಗೆ ತಂದ. ಈ ವಿನ್ಯಾಸದ ಮೊದಲ ಹೋಟೆಲ್ ಅದೇ ವರ್ಷ ಫೀನಿಕ್ಸ್‌ನಲ್ಲಿ ಎದ್ದಿತು. ಅದು ಈಗಿಲ್ಲ.

ಹಾಗಾದರೆ ಇದು ಹೇಗೆ ಉಳಿಯಿತು? ಇದನ್ನು ಶುರು ಮಾಡಿದವರು ಒಪ್ಪಂದ ಮಾಡಿಕೊಂಡಿದ್ದು ನೇರ ಸಹೋದರರ ಜೊತೆ. ಆಮೇಲೆ ಸಹೋದರರಿಂದ ವ್ಯಾಪಾರ ಕೊಂಡ ರೇ ಕ್ರಾಕ್ ಕಟ್ಟಿದ ದೊಡ್ಡ ಕಂಪನಿಗೆ ಇದು 1990ರವರೆಗೂ ಸೇರಿರಲಿಲ್ಲ. ಬೇರೆ ಹೋಟೆಲ್‌ಗಳನ್ನೆಲ್ಲ ಕೆಡವಿ ಹೊಸದು ಮಾಡುವಾಗ ಇದಕ್ಕೆ ಆ ಆಜ್ಞೆ ಬರಲಿಲ್ಲ. 1994ರಲ್ಲಿ ಭೂಕಂಪದ ಪೆಟ್ಟು ಬಿತ್ತು, ವ್ಯಾಪಾರವೂ ಇರಲಿಲ್ಲ, ಮುಚ್ಚಿದರು. ಊರಿನ ಜನ, ಹಳೆಯ ಕಟ್ಟಡ ಉಳಿಸುವವರು ಬಿಡಲಿಲ್ಲ. ದುರಸ್ತಿಯಾಗಿ 1996ರ ಡಿಸೆಂಬರ್‌ನಲ್ಲಿ ಮತ್ತೆ ತೆರೆಯಿತು. ಅವರಿಗೆ ದೊಡ್ಡ ನಮಸ್ಕಾರ. ಒಂದು ಹೋಟೆಲ್ ಕಟ್ಟಡಕ್ಕಾಗಿ ಜನ ನಿಲ್ಲುತ್ತಾರೆ ಅನ್ನುವುದು ನನಗೆ ಹೊಸ ವಿಷಯ. ನಮ್ಮ ಹೋಟೆಲ್ ರಸ್ತೆ ಅಗಲ ಮಾಡುವಾಗ ಹೋಯಿತು. ಒಂದೇ ಬೆಳಗ್ಗೆ ಮುಗಿಯಿತು. ಅಪ್ಪ ಎದುರಿನ ಬೇವಿನ ಮರದ ಕೆಳಗೆ ನಿಂತು ನೋಡಿದರು, ಏನೂ ಹೇಳಲಿಲ್ಲ.

ಕಿಟಕಿಯ ಹತ್ತಿರ ನಿಂತು ಕೇಳಿ, ಅಲ್ಲೇ ತೆಗೆದುಕೊಂಡು ಬರಬೇಕು. ಸೋದರಳಿಯ ಆಪಲ್ ಪೈ ತಂದ. ದೇಶದ ಬಹುಪಾಲು ಕಡೆ 1992ರಿಂದ ಪೈಯನ್ನು ಓವನ್‌ನಲ್ಲಿ ಬೇಯಿಸಿ ಕೊಡುತ್ತಾರೆ. ಇಲ್ಲಿ ಹಳೆಯ ಪದ್ಧತಿಯಂತೆ ಕರಿದು ಕೊಡುತ್ತಾರೆ. ನಮ್ಮ ಕರಿಗಡುಬಿನ ಹಾಗೆ ಮೇಲೆಲ್ಲ ಸಣ್ಣ ಗುಳ್ಳೆ ಎದ್ದಿರುತ್ತದೆ. ಮುರಿದರೆ ಒಳಗಿಂದ ಚಕ್ಕೆ ಘಮ. ಹೂರಣ ಬಾಯಿ ಸುಡುತ್ತದೆ, ನಿಧಾನ ತಿನ್ನಬೇಕು.

ಫ್ರೈಸ್ ಮಾತ್ರ ನಾನು ಬೇಡ ಅಂದೆ. ಇದು ಅಮೆರಿಕಕ್ಕೆ ಬರುವ ನಮ್ಮ ಕಡೆಯ ಸಸ್ಯಾಹಾರಿಗಳು ತಿಳಿದಿರಬೇಕಾದ ವಿಷಯ. ಮೊದಲು ಇವರು ದನದ ಕೊಬ್ಬಿನಲ್ಲಿ ಕರಿಯುತ್ತಿದ್ದರು. 1990ರಲ್ಲಿ ಸಸ್ಯದ ಎಣ್ಣೆಗೆ ಬದಲಾಯಿಸಿದೆವು ಅಂದರು. ಇಲ್ಲಿನ ಹಿಂದೂಗಳು ಅದನ್ನು ನಂಬಿ ತಿಂದರು. ಆದರೆ ರುಚಿಗೆ ದನದ ಮಾಂಸದ ಅಂಶ ಸೇರಿಸುತ್ತಿದ್ದರು. 2001ರಲ್ಲಿ ಸಿಯಾಟಲ್‌ನಲ್ಲಿ ಮೊಕದ್ದಮೆ ಹೂಡಿದರು. ಮರುವರ್ಷ ಕಂಪನಿ ಕ್ಷಮೆ ಕೇಳಿ, 1 ಕೋಟಿ ಡಾಲರ್ ಕೊಡಲು ಒಪ್ಪಿತು. ಭಾರತದ ಅಂಗಡಿಗಳಲ್ಲಿ ಈ ಸಮಸ್ಯೆ ಇಲ್ಲ. 1996ರಲ್ಲಿ ದೆಹಲಿಯಲ್ಲಿ ಮೊದಲನೆಯದು ತೆರೆದಾಗಲೇ ದನದ ಮಾಂಸ ಪೂರ್ತಿ ಬಿಟ್ಟಿದ್ದರು.

ನಾಲ್ಕನೇ ದಿನ, ಮಂಗಳವಾರ: ಮನ್ರೋವಿಯಾದಿಂದ ಸ್ಯಾನ್ ಬರ್ನಾರ್ಡಿನೋಗೆ

ಬೇಗ ಎದ್ದು ಹೊರಟೆವು. ಮೊದಲು ಮನ್ರೋವಿಯಾ. ಹಂಟಿಂಗ್ಟನ್ ಡ್ರೈವ್‌ನಲ್ಲಿ, ಆಗ ಇದ್ದ ವಿಮಾನ ನಿಲ್ದಾಣದ ಹತ್ತಿರ, 1937ರಲ್ಲಿ ಸಹೋದರರ ಅಪ್ಪ ಪ್ಯಾಟ್ರಿಕ್ ಏರ್‌ಡ್ರೋಮ್ ಅಂತ ಒಂದು ಅಂಗಡಿ ಇಟ್ಟಿದ್ದರು. ಹಾಟ್ ಡಾಗ್, ಹ್ಯಾಂಬರ್ಗರ್, ಕಿತ್ತಳೆ ರಸ. ಈಗ ವಿಮಾನ ನಿಲ್ದಾಣವೂ ಇಲ್ಲ, ಅಂಗಡಿಯೂ ಇಲ್ಲ. ಕಾರಿನಿಂದ ಇಳಿಯದೆ ಮುಂದೆ ಹೋದೆವು.

ಅಣ್ಣ ಮಾರಿಸ್, ಎಲ್ಲರೂ ಕರೆಯುತ್ತಿದ್ದುದು ಮ್ಯಾಕ್ ಅಂತ. ತಮ್ಮ ರಿಚರ್ಡ್, ಅಂದರೆ ಡಿಕ್. ಇಬ್ಬರೂ ನ್ಯೂ ಹ್ಯಾಂಪ್‌ಶೈರ್‌ನಿಂದ ಕೆಲಸ ಹುಡುಕಿಕೊಂಡು ಬಂದವರು. ಸಿನಿಮಾ ಸ್ಟುಡಿಯೋದಲ್ಲಿ ಸೆಟ್ ಹೊತ್ತರು. ಗ್ಲೆಂಡೋರಾದಲ್ಲಿ ಸಿನಿಮಾ ಟಾಕೀಸು ನಡೆಸಿದರು, ಕೈಗೆ ಹತ್ತಲಿಲ್ಲ. 1940ರಲ್ಲಿ ಅಪ್ಪನ ಅಂಗಡಿಯ ಕಟ್ಟಡವನ್ನೇ ಎತ್ತಿಸಿಕೊಂಡು 40 ಮೈಲಿ ಪೂರ್ವಕ್ಕೆ ಸ್ಯಾನ್ ಬರ್ನಾರ್ಡಿನೋಗೆ ಒಯ್ದರು.

ನಾವು ಫುಟ್‌ಹಿಲ್ ಬುಲೆವಾರ್ಡ್ ಹಿಡಿದೆವು. ಇದೇ ಹಳೆಯ ರೂಟ್ 66. ಷಿಕಾಗೋದಿಂದ ಸಮುದ್ರದವರೆಗೆ ಜನ ಬದುಕು ಹುಡುಕಿಕೊಂಡು ಬಂದ ದಾರಿ. 1926ರಲ್ಲಿ ಆ ಸಂಖ್ಯೆ ಬಂತು, 1985ರಲ್ಲಿ ಹೋಯಿತು. ದೊಡ್ಡ ಹೆದ್ದಾರಿಗಳು ಬಂದ ಮೇಲೆ ಇದು ಊರೊಳಗಿನ ರಸ್ತೆ. ಎಡಗಡೆ ಉದ್ದಕ್ಕೂ ಬೋಳು ಬೆಟ್ಟ. ಬಿಸಿಲು ಒಣ, ಗಾಳಿಯೂ ಒಣ. ಈ ಗಾಳಿಗೂ ಹೋಟೆಲ್‌ಗೂ ಸಂಬಂಧವಿದೆ. ಸಹೋದರರು ಆಲೂಗಡ್ಡೆಯನ್ನು ಕೋಳಿಗೂಡಿನ ತಂತಿಬಲೆಯ ತೊಟ್ಟಿಯಲ್ಲಿ ಹೊರಗೆ ಇಡುತ್ತಿದ್ದರು. ಮರುಭೂಮಿಯ ಗಾಳಿಗೆ ಅದು ಒಣಗಿ ಹದಕ್ಕೆ ಬರುತ್ತಿತ್ತು. ರೇ ಕ್ರಾಕ್ ಮುಂದೆ ಷಿಕಾಗೋದ ಹತ್ತಿರ ಅದೇ ಆಲೂಗಡ್ಡೆ, ಅದೇ ಎಣ್ಣೆ ಇಟ್ಟು ಕರಿದಾಗ ಮೆತ್ತಗಾಯಿತು. ಗಾಳಿ ಸಿಗದ್ದೇ ಕಾರಣ ಅಂತ ಗೊತ್ತಾಗುವುದಕ್ಕೆ ಸಮಯ ಹಿಡಿಯಿತು.

ಹತ್ತೂವರೆಗೆ ಮೂಲೆ ತಲುಪಿದೆವು. ವಿಳಾಸ 1398, ಉತ್ತರ 'ಇ' ರಸ್ತೆ.

ಮೂಲ ಕಟ್ಟಡ ಇಲ್ಲ. ಎಪ್ಪತ್ತರ ದಶಕದ ಶುರುವಿನಲ್ಲೇ ಕೆಡವಿದರು. ಈಗ ಇರುವುದು ಒಂದು ಸಾದಾ ಕಟ್ಟಡ, ಒಳಗೆ ಮ್ಯೂಸಿಯಂ. ಅದನ್ನು ಮಾಡಿದ್ದು ಮೆಕ್‌ಡೊನಾಲ್ಡ್ಸ್ ಕಂಪನಿ ಅಲ್ಲ. ಹುವಾನ್ ಪೊಯೊ ಅನ್ನುವ ಕೋಳಿ ಹೋಟೆಲ್‌ಗಳನ್ನು ಕಟ್ಟಿದ ಆಲ್ಬರ್ಟ್ ಒಕುರಾ 1998ರಲ್ಲಿ ಈ ಜಾಗ ಕೊಂಡರು. ಈ ಮೂಲೆಗೆ ಬೆಲೆ ಇದೆ ಅಂತ ಅವರಿಗೆ ಅನ್ನಿಸಿತು. 2023ರಲ್ಲಿ ತೀರಿಕೊಂಡರು. ಒಬ್ಬ ಹೋಟೆಲಿನವನ ನೆನಪನ್ನು ಇನ್ನೊಬ್ಬ ಹೋಟೆಲಿನವನೇ ಉಳಿಸಿದ, ಅಲ್ವಾ? ಒಳಗೆ ಕಪಾಟಿನ ತುಂಬ ಮಕ್ಕಳ ಆಟಿಕೆ, ಹಳೆಯ ಕಾಗದದ ಲೋಟ, ಬೋರ್ಡು. ಸೋದರಳಿಯ ತಾನು ಚಿಕ್ಕವನಿದ್ದಾಗಿನ ಆಟಿಕೆ ಹುಡುಕುತ್ತಾ ನಿಂತ. ನಾನು ಹೊರಗೆ ಬಂದೆ. ನನಗೆ ಬೇಕಾಗಿದ್ದು ನೆಲ.

ಇಲ್ಲಿ ಅವರಿಗೆ ಮೊದಲು ಇಪ್ಪತ್ತು ಮಂದಿ ಕಾರ್‌ಹಾಪ್‌ಗಳಿದ್ದರು, ಮೆನುವಿನಲ್ಲಿ ಇಪ್ಪತ್ತೈದು ತಿನಿಸು. ಯುದ್ಧ ಮುಗಿದ ಮೇಲೆ ವ್ಯಾಪಾರ ಜೋರು. ಆದರೆ ಕೆಲಸದವರು ನಿಲ್ಲುತ್ತಿರಲಿಲ್ಲ, ತಟ್ಟೆ ಒಡೆಯುತ್ತಿತ್ತು, ಚಮಚ ಕಾಣೆಯಾಗುತ್ತಿತ್ತು. ಪಡ್ಡೆ ಹುಡುಗರು ಕಾರು ಹಾಕಿಕೊಂಡು ಕೂತರೆ ಸಂಸಾರಸ್ಥರು ಒಳಗೆ ಬರುತ್ತಿರಲಿಲ್ಲ. ಇದರಲ್ಲಿ ಒಂದೊಂದೂ ನಮ್ಮ ಅಪ್ಪನ ಬಾಯಲ್ಲಿ ಕೇಳಿದ ಮಾತು. ಸಹೋದರರು ಬಿಲ್ಲು ತೆಗೆದು ನೋಡಿದರೆ ನೂರರಲ್ಲಿ ಎಂಬತ್ತು ಪಾಲು ವ್ಯಾಪಾರ ಹ್ಯಾಂಬರ್ಗರ್‌ದೇ.

1948ರಲ್ಲಿ ನಡೆಯುತ್ತಿದ್ದ ಹೋಟೆಲಿಗೆ ಬಾಗಿಲು ಹಾಕಿದರು. ಲಾಭ ಬರುತ್ತಿದ್ದಾಗ ಮುಚ್ಚುವುದು ಸಣ್ಣ ಧೈರ್ಯವಲ್ಲ. ಕಾರ್‌ಹಾಪ್‌ಗಳನ್ನು ಬಿಡಿಸಿದರು. ತಟ್ಟೆ, ಫೋರ್ಕು ಬಿಟ್ಟು ಕಾಗದ ತಂದರು. ಮೆನು ಒಂಬತ್ತಕ್ಕೆ ಇಳಿಯಿತು. 30 ಸೆಂಟಿನ ಬರ್ಗರ್ 15 ಸೆಂಟ್ ಆಯಿತು. ಎಲ್ಲದಕ್ಕೂ ಒಂದೇ ಥರ: ಕೆಚಪ್, ಸಾಸಿವೆ, ಈರುಳ್ಳಿ, ಎರಡು ಬಿಲ್ಲೆ ಉಪ್ಪಿನ ಸೌತೆ.

ಅಡುಗೆಮನೆಯನ್ನು ಹೇಗೆ ಜೋಡಿಸುವುದು? ಇದೇ ನನಗೆ ಬಹಳ ಇಷ್ಟವಾದ ಭಾಗ. ಅವರ ಮನೆಯ ಹಿಂದೆ ಟೆನಿಸ್ ಅಂಗಳ ಇತ್ತು. ಆ ನೆಲದ ಮೇಲೆ ಅಡುಗೆಮನೆಯನ್ನು ಇದ್ದ ಅಳತೆಯಲ್ಲೇ ಸೀಮೆಸುಣ್ಣದಲ್ಲಿ ಬರೆದರು. ಇಲ್ಲಿ ಕಾವಲಿ, ಇಲ್ಲಿ ಬನ್ನು, ಇಲ್ಲಿ ಶೇಕ್. ರಾತ್ರಿ ಕೆಲಸ ಮುಗಿಸಿ ಬಂದ ಹುಡುಗರನ್ನು ಅದರೊಳಗೆ ನಿಲ್ಲಿಸಿದರು. ಕೈಯಲ್ಲಿ ಏನೂ ಇಲ್ಲ. ಬರ್ಗರ್ ತಿರುವಿದ ಹಾಗೆ, ಕಟ್ಟಿಕೊಟ್ಟ ಹಾಗೆ ನಟಿಸುತ್ತಾ ನಡೆದರು. ಸಹೋದರರು ಹಿಂದೆ ಹಿಂದೆ ನಡೆದು ಗೆರೆ ಅಳಿಸಿ ಮತ್ತೆ ಬರೆದರು. ಯಾರೂ ಯಾರಿಗೂ ಡಿಕ್ಕಿಯಾಗಬಾರದು, ಒಂದು ಹೆಜ್ಜೆಯೂ ದಂಡವಾಗಬಾರದು. ಕೊನೆಗೆ ಸರಿಹೋಯಿತು. ಕಾಗದಕ್ಕೆ ಇಳಿಸುವುದನ್ನು ಬೆಳಗ್ಗೆ ನೋಡೋಣ ಅಂತ ಮಲಗಿದರು. ರಾತ್ರಿ ಮಳೆ ಬಂತು. ಮಳೆಯೇ ಅಪರೂಪದ ಊರಿನಲ್ಲಿ ಆವತ್ತೇ ಬಂತು. ಗೆರೆಯೆಲ್ಲ ತೊಳೆದುಹೋಯಿತು. ಮತ್ತೆ ಮೊದಲಿಂದ ಬರೆದರು.

ಹಾಗೆ ಬಂದದ್ದು ಆರಾರು ಅಡಿಯ ಎರಡು ಕಾವಲಿ. ಒಬ್ಬ ಬೇಯಿಸುವುದಷ್ಟೇ, ಒಬ್ಬ ಕರಿಯುವುದಷ್ಟೇ, ಒಬ್ಬ ಶೇಕ್ ಅಷ್ಟೇ. ಸಾಸ್ ಬೀಳುವ ಪಂಪನ್ನು, ಇಪ್ಪತ್ನಾಲ್ಕು ಬನ್ನು ಹಿಡಿಸುವ ತಿರುಗುವ ತಟ್ಟೆಯನ್ನು ಊರಿನ ಒಬ್ಬ ಕುಶಲಕರ್ಮಿ ಮಾಡಿಕೊಟ್ಟ. ಬಾಗಿಲು ತೆರೆದ ಮೇಲೆ ಗಿರಾಕಿಗಳು ಕಾರಿನಲ್ಲೇ ಕೂತು ಹಾರ್ನ್ ಹೊಡೆದರಂತೆ, ಹುಡುಗಿಯರು ಬರಲಿ ಅಂತ. ವ್ಯಾಪಾರ ಐದರಲ್ಲಿ ಒಂದು ಪಾಲಿಗೆ ಇಳಿಯಿತು. ಅವರು ಕದಲಲಿಲ್ಲ. ತಿಂಗಳುಗಳಾದ ಮೇಲೆ ಮಕ್ಕಳು ಚಿಲ್ಲರೆ ಹಿಡಿದುಕೊಂಡು ಕಿಟಕಿಗೆ ಬರತೊಡಗಿದರು, ಹಿಂದೆಯೇ ಸಂಸಾರ ಬಂತು. ಕಿಟಕಿಯಲ್ಲಿ ದುಡ್ಡು ಕೊಟ್ಟು, ತಾವೇ ತೆಗೆದುಕೊಂಡು ಹೋಗಿ ತಿನ್ನುವುದು. ಎಂಬತ್ತರ ದಶಕದಿಂದ ನಮ್ಮ ಬೆಂಗಳೂರಿನ ದರ್ಶಿನಿಗಳಲ್ಲಿ ನಾವೆಲ್ಲ ಮಾಡುತ್ತಿರುವುದೂ ಇದೇ ತಾನೇ.

ಮುಂದಿನ ಕಥೆ ಎಲ್ಲರಿಗೂ ಗೊತ್ತು. ಒಂದೇ ಸಲ ಐದು ಶೇಕ್ ಕಡೆಯುವ ಯಂತ್ರ ಮಾರುತ್ತಿದ್ದ ರೇ ಕ್ರಾಕ್, ಇಂಥ ಎಂಟು ಯಂತ್ರ ಒಂದೇ ಹೋಟೆಲಿಗೆ ಯಾಕೆ ಅಂತ ನೋಡಲು 1954ರಲ್ಲಿ ಬಂದ. 1955ರ ಏಪ್ರಿಲ್ 15ರಂದು ಷಿಕಾಗೋದ ಹತ್ತಿರದ ಡೆಸ್ ಪ್ಲೇನ್ಸ್‌ನಲ್ಲಿ ತನ್ನದನ್ನು ತೆರೆದ. 1961ರಲ್ಲಿ 27 ಲಕ್ಷ ಡಾಲರ್ ಕೊಟ್ಟು ಎಲ್ಲವನ್ನೂ ಕೊಂಡ. ಈ ಮೂಲೆಯ ಹೋಟೆಲನ್ನು ಮಾತ್ರ ಸಹೋದರರು ಇಟ್ಟುಕೊಂಡರು, ಆದರೆ ಸ್ವಂತ ಹೆಸರು ಹಾಕುವ ಹಾಗಿರಲಿಲ್ಲ. ದಿ ಬಿಗ್ ಎಂ ಅಂತ ಬೋರ್ಡ್ ಹಾಕಿದರು. ಕ್ರಾಕ್ ಹತ್ತಿರದಲ್ಲೇ ಹೊಸ ಮೆಕ್‌ಡೊನಾಲ್ಡ್ಸ್ ತೆರೆದ. ಕೆಲವೇ ವರ್ಷಗಳಲ್ಲಿ ಬಿಗ್ ಎಂ ಮುಚ್ಚಿತು. ಕ್ರಾಕ್ ಕೆಲಸಗಾರ, ಅದರಲ್ಲಿ ಎರಡು ಮಾತಿಲ್ಲ. ಆದರೂ ತನ್ನ ಹೆಸರನ್ನು ತನ್ನ ಬೋರ್ಡಿನಿಂದ ಇಳಿಸುವ ದಿನ ಡಿಕ್‌ಗೆ ಹೇಗಿದ್ದಿರಬೇಕು ಅಂತ ನೆನೆದರೆ ನನಗೆ ಹೊಟ್ಟೆ ಕಲಸುತ್ತದೆ. ಅಣ್ಣ 1971ರಲ್ಲಿ ಹೋದ. ತಮ್ಮ 1998ರವರೆಗೆ ಬದುಕಿದ್ದ. 1984ರಲ್ಲಿ ಕಂಪನಿ ತನ್ನ ಐದು ಸಾವಿರ ಕೋಟಿಯನೇ ಹ್ಯಾಂಬರ್ಗರನ್ನು ಕರೆದು ಅವನ ಕೈಗೇ ಕೊಟ್ಟಿತು.

ಮಧ್ಯಾಹ್ನ ಮೌಂಟ್ ವರ್ನನ್ ಅವೆನ್ಯೂದ ಮಿಟ್ಲಾ ಕೆಫೆಗೆ ಹೋದೆವು. 1937ರಿಂದ ನಡೆಯುತ್ತಿರುವ ಮೆಕ್ಸಿಕನ್ ಹೋಟೆಲ್. ಇದರ ಎದುರು ಅಂಗಡಿ ಇಟ್ಟಿದ್ದ ಗ್ಲೆನ್ ಬೆಲ್ ಇಲ್ಲಿ ತಿಂದು, ನೋಡಿ ಕಲಿತು, ಮುಂದೆ ಟಾಕೋ ಬೆಲ್ ಅನ್ನುವ ಹೋಟೆಲ್ ಸರಣಿ ಕಟ್ಟಿದ. ಒಂದೇ ಊರು, ನೋಡಿ.

ಊಟಕ್ಕೆ ಕಾಯುವಾಗ ಸೋದರಳಿಯ ಕೇಳಿದ. "ಮಾಮ, ಅಜ್ಜನ ಹೋಟೆಲ್ ಒಳಗೆ ಹೇಗಿತ್ತು?" ಅವನು ಹುಟ್ಟುವ ಮೊದಲೇ ಅದು ಹೋಗಿತ್ತು. ಕಾಗದದ ಕರವಸ್ತ್ರ ಬಿಡಿಸಿ, ಪೆನ್ನಿನಲ್ಲಿ ಗೆರೆ ಹಾಕಿದೆ. ಇದು ಬಾಗಿಲು. ಇದು ಗಲ್ಲಾ. ಇಲ್ಲಿ ದೋಸೆ ಕಲ್ಲು, ಇಲ್ಲಿ ಇಡ್ಲಿ ಪಾತ್ರೆ, ಇಲ್ಲಿ ಕಾಫಿ ಭಟ್ಟರು. ನೀರಿನ ಡ್ರಮ್ ಬಲಕ್ಕೆ. ಅವನು ಸುಮ್ಮನೆ ನೋಡಿ, ಕಲ್ಲಿನಿಂದ ಗಲ್ಲಾದವರೆಗೆ ಬೆರಳಿನಲ್ಲಿ ದಾರಿ ಎಳೆದ. "ಗಲ್ಲಾನ ಈ ಕಡೆ ಇಟ್ಟಿದ್ರೆ ಆರೇ ಹೆಜ್ಜೆ ಸಾಕಾಗ್ತಿತ್ತು ಮಾಮ" ಅಂದ. ಹೌದು, ಸಾಕಾಗುತ್ತಿತ್ತು. ಅಪ್ಪನಿಗೆ ರಸ್ತೆ ಕಾಣಬೇಕಿತ್ತು, ಬಸ್ಸು ಬರುವುದು ಗೊತ್ತಾಗಬೇಕಿತ್ತು. ಅದಕ್ಕೇ ಗಲ್ಲಾ ಅಲ್ಲಿತ್ತು.

ರಾತ್ರಿ ಅರ್ವೈನ್ ತಲುಪಿದಾಗ ತಂಗಿ ಎಚ್ಚರವಾಗೇ ಇದ್ದಳು. ಕರವಸ್ತ್ರವನ್ನು ಅಡುಗೆಮನೆ ಕಟ್ಟೆಯ ಮೇಲೆ ಹರಡಿದೆ. ಬಗ್ಗಿ ನೋಡಿದಳು. "ಅಣ್ಣ, ಡ್ರಮ್ ಬಲಕ್ಕಲ್ಲ, ಎಡಕ್ಕೆ. ನಾನು ದಿನಾ ಅದರ ಪಕ್ಕ ಕೂತೇ ಹೋಂವರ್ಕ್ ಮಾಡ್ತಿದ್ನಲ್ಲ" ಅಂದಳು. ಪೆನ್ನು ತೆಗೆದುಕೊಂಡು ಡ್ರಮ್ಮನ್ನು ಎಡಕ್ಕೆ ಬರೆದು, ಅದರ ಪಕ್ಕ ಒಂದು ಸಣ್ಣ ಸ್ಟೂಲು ಹಾಕಿದಳು.